ಎರಡು ಹಲಗೆಗಳ ಮೇಲೆ ಮುಗಿದ ಓಟ

ಅವರ ಎಡಗೈಯಲ್ಲಿ ಯಾವಾಗಲೂ ಎರಡು ಗಡಿಯಾರಗಳಿರುತ್ತಿದ್ದವು. ಒಂದು ಮಣಿಕಟ್ಟಿನಲ್ಲಿ, ಇನ್ನೊಂದು ಅದಕ್ಕಿಂತ ನಾಲ್ಕು ಬೆರಳು ಮೇಲೆ. ದೋಸೆಗೆ ಹಿಟ್ಟು ಕಲಸುವಾಗ ಮಾತ್ರ ಎರಡನ್ನೂ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದರು. ಆಗ ಆ ಸುಕ್ಕುಗಟ್ಟಿದ ಕಪ್ಪು ಕೈಯಲ್ಲಿ ಬಿಸಿಲು ಕಾಣದ ಎರಡು ಬೆಳ್ಳನೆಯ ಪಟ್ಟೆಗಳು ಎದ್ದು ಕಾಣುತ್ತಿದ್ದವು. ಉಡುವುದು ಹತ್ತಿ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ. ಎರಡು ಗಡಿಯಾರ ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಒಂದು ಸುಳ್ಳು ಹೇಳಿದ್ರೆ ಗೊತ್ತಾಗ್ಬೇಕಲ್ಲ."

ನೈರೋಬಿಯ ಪಂಗಾನಿಯಲ್ಲಿನ ಆ ಹಳೆಯ ಕಟ್ಟಡದಲ್ಲಿ ನಾವು ಎರಡನೇ ಮಹಡಿ, ಅವರು ಕೆಳಮನೆ. ನಾನು ಒಂದು ಬ್ಯಾಂಕಿನ ಪ್ರಕಟಣಾ ವಿಭಾಗಕ್ಕೆ ಬೆಂಗಳೂರಿನಿಂದ ಪೋಸ್ಟಿಂಗ್ ಮೇಲೆ ಬಂದವಳು. ಆಫೀಸಿನವರೆಲ್ಲ ಎತ್ತರದ ಕಾಂಪೌಂಡು, ಗೇಟಿಗಿಬ್ಬರು ಕಾವಲಿನವರು ಇರುವ ಕಡೆ ಮನೆ ಹಿಡಿದರೆ ನಾನು ಹಟ ಮಾಡಿ ಇಲ್ಲಿಗೆ ಬಂದೆ. ಪಕ್ಕದ ನ್ಗಾರಾದಲ್ಲಿ ಕರಿಬೇವು ಸಿಗುತ್ತದೆ ಎನ್ನುವುದೊಂದು ನೆಪ. ಬಂದ ಮೂರನೇ ದಿನ ಬಾಗಿಲು ತಟ್ಟಿದವರು ಇವರು. "ಕನ್ನಡ ಅಲ್ವಾ ನಿಮ್ದು? ಗಂಡನಿಗೆ ಬೈಯುದು ಕೆಳಗೆ ಚೆಂದ ಕೇಳ್ತದೆ," ಎಂದು ಒಳಗೆ ಬಂದು ಕೂತರು. ಆ ದಿನದಿಂದ ನನಗೆ ಅವರು ಆಂಟಿ.

ಮಂಗಳೂರಿನ ಕಡೆಯವರು. ಮದುವೆಯಾಗಿ ನೈರೋಬಿಗೆ ಬಂದು, ಇಲ್ಲೇ ಒಂದು ಶಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಮೆಕ್ಯಾನಿಕ್ ಆಗಿದ್ದ ಗಂಡ ತೀರಿಕೊಂಡ ಮೇಲೆ ತುಳು ಮಾತಾಡಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಆದ್ದರಿಂದ ಕುಕ್ಕರಿಗೆ ತುಳುವಿನಲ್ಲಿ ಬೈಯುತ್ತಿದ್ದರು. ನನ್ನ ಮಗಳು ಇಲ್ಲಿ ಬೆಳೆದವಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅದಕ್ಕೆ ನನಗೆ ಸಿಟ್ಟು ಬರುತ್ತಿತ್ತು. ಇವರಿಗೆ ಬರುತ್ತಿರಲಿಲ್ಲ. ಅವಳ ಇಂಗ್ಲಿಷ್ ಉತ್ತರ ಕೇಳಿಸಿಕೊಂಡು ಮುಂದಿನ ಲೆಕ್ಕವನ್ನು ಮತ್ತೆ ಕನ್ನಡದಲ್ಲೇ ಕೇಳುತ್ತಿದ್ದರು. ಯಾರು ಮೊದಲು ಸೋಲುತ್ತಾರೆ ಎಂದು ನಾನು ನೋಡುತ್ತಿದ್ದೆ. ಇಬ್ಬರೂ ಸೋಲಲಿಲ್ಲ.

ಇವರು ರ‍್ಯಾಲಿಯಲ್ಲಿ, ಅಂದರೆ ದೂರದ ಕಾರು ಓಟದಲ್ಲಿ, ಓಡಿದವರು ಎಂದು ನನಗೆ ಗೊತ್ತಾದದ್ದು ಮಟಾಟು ಎಂಬ ಇಲ್ಲಿನ ಬಾಡಿಗೆ ವ್ಯಾನಿನಲ್ಲಿ. ಮಟಾಟು ಹತ್ತಿದರೆ ಅವರಿಗೆ ಡ್ರೈವರಿನ ಪಕ್ಕದ ಸೀಟೇ ಆಗಬೇಕು. ನಮ್ಮ ರೂಟಿನ ಡ್ರೈವರುಗಳೆಲ್ಲ ಅವರನ್ನು ಶೋಶೋ, ಅಂದರೆ ಅಜ್ಜಿ, ಎಂದು ಕರೆದು ಆ ಸೀಟು ಬಿಟ್ಟುಕೊಡುತ್ತಿದ್ದರು. ಕೂತವರೇ ಬಲಗಾಲನ್ನು ನೆಲಕ್ಕೆ ಒತ್ತಿ, ಕಣ್ಣು ರಸ್ತೆಗೆ ನೆಟ್ಟು, ಮೆಲ್ಲನೆ ಶುರು ಮಾಡುವರು: "ಕುಲಿಯಾ... ಶಿಮೊ ಎಂಬೆಲೆ... ಮತ್ತೊಂದು ಶಿಮೊ..." ಬಲಕ್ಕೆ, ಮುಂದೆ ಗುಂಡಿ, ಇನ್ನೊಂದು ಗುಂಡಿ. ಕಿವಿ ಕಿತ್ತುಹೋಗುವಷ್ಟು ಹಾಡು ಹಾಕುವ ಡ್ರೈವರು ಇವರಿಗಾಗಿ ಸದ್ದು ಕಡಿಮೆ ಮಾಡಿ ಹೇಳಿದಂತೆ ತಿರುಗಿಸುತ್ತಿದ್ದ. ಇಳಿದ ಮೇಲೆ ಕೇಳಿದೆ, ಇದೇನು ಆಂಟಿ ಅಂತ. "ನಾನು ನ್ಯಾವಿಗೇಟರ್ ಅಲ್ವಾ ಮಾರಾಯ್ತಿ, ಓಟದ ಕಾರಲ್ಲಿ ದಾರಿ ಹೇಳುವವಳು," ಎಂದರು, ಅಡುಗೆ ಬರುತ್ತದೆ ಎಂದು ಹೇಳುವಷ್ಟು ಸಲೀಸಾಗಿ.

ಈ ದೇಶದ ಆ ದೂರದ ಓಟದ ಬಗ್ಗೆ ನನಗಿದ್ದ ತಿಳಿವಳಿಕೆ ಟೀವಿಯದ್ದು. ಬಣ್ಣಬಣ್ಣದ ಕಾರುಗಳು ಧೂಳೆಬ್ಬಿಸಿ ಓಡುವುದು, ಮೇಲೆ ಹೆಲಿಕಾಪ್ಟರ್, ಮೂರು ದಿನದಲ್ಲಿ ಮುಗಿದು ಬಹುಮಾನ. ಅವರು ಅದನ್ನು ನೋಡಿ ಮೂಗು ಮುರಿಯುತ್ತಿದ್ದರು. "ಈಗ ರಸ್ತೆ ಬಂದ್ ಮಾಡಿ ಓಡಿಸುದು. ಆಗ ಎದುರಿಂದ ಬಸ್ಸು ಬರ್ತಿತ್ತು, ಆನೆ ಬರ್ತಿತ್ತು. ಬಸ್ಸಿಗೇ ಹೆದರುದು ಹೆಚ್ಚು." ಆಗ ನೈರೋಬಿಯಿಂದ ಹೊರಟ ಕಾರುಗಳು ದಿನಗಟ್ಟಲೆ, ರಾತ್ರಿಯೂ ನಿಲ್ಲದೆ, ಗಡಿ ದಾಟಿ ಬೇರೆ ದೇಶಗಳನ್ನೂ ಸುತ್ತಿ ಮರಳುತ್ತಿದ್ದವಂತೆ. ಮಳೆಗಾಲ ನೋಡಿಯೇ ದಿನ ಇಡುತ್ತಿದ್ದರಂತೆ. ಯುರೋಪಿನಿಂದ ಹಡಗಿನಲ್ಲಿ ಬಂದ, ಹೊಟ್ಟೆ ನೆಲಕ್ಕೆ ತಾಗುವ ಸ್ಪೋರ್ಟ್ಸ್ ಕಾರುಗಳು ಮೊದಲ ದಿನ ಗಾಳಿಯ ಹಾಗೆ ಹೋಗಿ ಎರಡನೇ ದಿನ ಕೆಸರಿನಲ್ಲಿ ಕೂರುವುದು, ಇಲ್ಲಿನ ಟ್ಯಾಕ್ಸಿಯವರು, ಗ್ಯಾರೇಜಿನವರು, ರೈತರು ತಾವು ದಿನವೂ ಓಡಿಸುವ ಕಾರಿನಲ್ಲೇ ಪಕ್ಕದಿಂದ ದಾಟಿಹೋಗುವುದು. ವರ್ಷ ಕಳೆದಂತೆ ಕಂಪನಿಗಳ ದುಡ್ಡು ಬಂತು, ಓಟ ಸಣ್ಣದಾಯಿತು, ಕೆಲವು ಕಾಲ ವಿಶ್ವಮಟ್ಟದ ಓಟಗಳ ಪಟ್ಟಿಯಿಂದಲೇ ಬಿದ್ದುಹೋಗಿ ಮತ್ತೆ ಹೊಸ ವೇಷದಲ್ಲಿ ಬಂತು. ಇದನ್ನೆಲ್ಲ ನಾನು ಕಲಿತದ್ದು ಅವರ ಅಡುಗೆಮನೆಯ ಮಣೆಯ ಮೇಲೆ ಕೂತು.

ಅವರ ಶಾಲೆಯಲ್ಲೇ ಆಟದ ಟೀಚರಾಗಿದ್ದ ಒಬ್ಬ ಪಂಜಾಬಿ ಹೆಂಗಸು ಕಾರು ಓಡಿಸಿದವರು. ಆಂಟಿ ಅವರನ್ನು "ನನ್ನ ಡ್ರೈವರು" ಎಂದೇ ಹೇಳುತ್ತಿದ್ದರು. ಹಳೆಯ ಸೆಕೆಂಡ್ ಹ್ಯಾಂಡ್ ಕಾರು. ಹಿಂದೆ ಪಿಕಪ್ಪಿನಲ್ಲಿ ಸ್ಪ್ರಿಂಗು, ಟೈರು, ಚಪಾತಿ ಹೇರಿಕೊಂಡು ಆಂಟಿಯ ಗಂಡ. ಒಂದೇ ಒಂದು ವರ್ಷ ಓಡಿದರು. ಆ ವರ್ಷ ಎರಡನೇ ದಿನ ಒಂದು ಹೊಳೆ ಸೇತುವೆಯ ಮೇಲೆ ಹರಿಯುತ್ತಿತ್ತು. ನೀರಿಳಿಯುವವರೆಗೆ ಕಾದು, ದಾಟಿ, ಎಂಜಿನ್ ಒಣಗಿಸಿ ಮುಂದಿನ ಚೆಕ್‌ಪಾಯಿಂಟಿಗೆ ಬರುವಾಗ ಅಲ್ಲಿ ಮೇಜೂ ಇಲ್ಲ, ಬಾವುಟವೂ ಇಲ್ಲ. ಗೊತ್ತುಪಡಿಸಿದ ಹೊತ್ತಿಗಿಂತ ಇಷ್ಟು ತಡವಾದರೆ ಕಾರು ಔಟ್ ಎಂಬ ನಿಯಮವಿತ್ತು. ಆ ಅವಧಿ ಮೀರಿತ್ತು. ಪ್ರತಿ ಕಾರಿಗೂ ಒಂದು ಟೈಮ್ ಕಾರ್ಡ್ ಇರುತ್ತದೆ. ಒಂದೊಂದು ಚೆಕ್‌ಪಾಯಿಂಟಿಗೆ ಒಂದೊಂದು ಚೌಕ, ಅದರಲ್ಲಿ ಅಲ್ಲಿನ ಅಧಿಕಾರಿ ಬಂದ ಹೊತ್ತು ಬರೆದು ಸಹಿ ಹಾಕಬೇಕು. ಇವರ ಕಾರ್ಡಿನಲ್ಲಿ ಇನ್ನೂ ಹನ್ನೆರಡು ಚೌಕ ಖಾಲಿ, ಬರೆಯುವವರು ಮನೆಗೆ ಹೋಗಿಯಾಗಿತ್ತು.

ಡ್ರೈವರು ನೈರೋಬಿಯ ನೇರ ಡಾಂಬರು ರಸ್ತೆಗೆ ಸ್ಟಿಯರಿಂಗ್ ತಿರುಗಿಸಿದರಂತೆ. ಆಂಟಿ ಕೈಬ್ರೇಕ್ ಎಳೆದರಂತೆ.

"ನಾನು ಹೇಳಿದ್ದು ಇಷ್ಟೇ. ಅವ್ರು ಮೇಜು ತಕ್ಕೊಂಡು ಹೋಗಿದ್ದಾರೆ, ದಾರಿ ತಕ್ಕೊಂಡು ಹೋಗ್ಲಿಲ್ಲ. ದಾರಿ ನನ್ನ ರೂಟ್ ಪುಸ್ತಕದಲ್ಲಿ ಉಂಟು. ನಡಿ."

ಆಮೇಲೆ ಅವರು ಮಾಡಿದ್ದು ಒಬ್ಬ ಗಣಿತದ ಟೀಚರು ಮಾತ್ರ ಮಾಡಬಹುದಾದ ಕೆಲಸ. ಆ ಊರಿನ ಡಿಸ್ಪೆನ್ಸರಿಗೆ ಹೋಗಿ ನರ್ಸಿನ ಮುಂದೆ ಕಾರ್ಡ್ ಇಟ್ಟು, "ಗೊಂಗಾ ಮುಹುರಿ ಹಾಪಾ," ಇಲ್ಲಿ ಮೊಹರು ಒತ್ತು, ಎಂದರು. ನರ್ಸ್ ಡಿಸ್ಪೆನ್ಸರಿಯ ಮೊಹರು ಒತ್ತಿ, ಹೊತ್ತು ಬರೆದು, ಸಹಿ ಮಾಡಿದಳು. ಅಲ್ಲಿಂದ ಮುಂದೆ ಪ್ರತಿ ಚೆಕ್‌ಪಾಯಿಂಟಿನ ಊರಿನಲ್ಲೂ ಮೊಹರು ಇರುವವರನ್ನು ಹುಡುಕಿದರು. ಪೋಸ್ಟಾಫೀಸು, ಪ್ರೈಮರಿ ಶಾಲೆ, ಚಹಾ ಎಲೆ ತೂಗುವ ಕೇಂದ್ರ, ಪೊಲೀಸ್ ಠಾಣೆ, ಒಬ್ಬ ಪಾದ್ರಿ, ಪಶುವೈದ್ಯ. ಈ ದೇಶದಲ್ಲಿ ಮೊಹರಿಗೆ ಇರುವ ಮರ್ಯಾದೆ ನಮ್ಮ ತಾಲ್ಲೂಕು ಕಚೇರಿಯನ್ನೂ ಮೀರಿಸಿದ್ದು. ಕೇಳಿದರೆ ಯಾರೂ ಇಲ್ಲ ಎನ್ನಲಿಲ್ಲ. ಹನ್ನೊಂದು ಚೌಕಗಳಲ್ಲಿ ಹನ್ನೊಂದು ಮೊಹರು. ಆ ಕಾರ್ಡನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಪಾಸ್‌ಪೋರ್ಟು, ಗಂಡನ ಮರಣಪತ್ರ ಇಟ್ಟ ಪ್ಲಾಸ್ಟಿಕ್ ಫೈಲಿನಲ್ಲೇ ಅದನ್ನೂ ಇಟ್ಟಿದ್ದರು.

ನೈರೋಬಿಗೆ ಬರುವಾಗ ಓಟ ಮುಗಿದು ಒಂದು ಇಡೀ ದಿನ ದಾಟಿತ್ತು. ಗೆದ್ದವರು ಕಾರು ಸಮೇತ ಹತ್ತಿ ಇಳಿದ ಮರದ ವೇದಿಕೆಯನ್ನು ಬಿಚ್ಚಿ ಲಾರಿಗೆ ಹೇರುತ್ತಿದ್ದರು. ಕೆಸರು ಮೆತ್ತಿದ ಕಾರನ್ನು ನೋಡಿ ಕೆಲಸದವನೊಬ್ಬ "ಪೋಲೆ" ಅಂದ, ಪಾಪ ಎನ್ನುವ ದನಿಯಲ್ಲಿ. "ಪೋಲೆ ಯಾ ನಿನಿ?" ಎಂದರು ಇವರು. ಪಾಪ ಯಾತಕ್ಕೆ? ಎರಡು ಹಲಗೆ ಇಳಿಸಿ ರಸ್ತೆಯ ಮೇಲೆ ಹಾಸು. ಕೆಲಸದವರು ಒಬ್ಬರ ಮುಖ ಒಬ್ಬರು ನೋಡಿ, ನಕ್ಕು, ಹಾಸಿದರು. ಆ ಎರಡು ಹಲಗೆಗಳ ಮೇಲೆ ಕಾರು ಹತ್ತಿ ಇಳಿಯಿತು. ಅವರಲ್ಲೊಬ್ಬ ಬಡಗಿ ತನ್ನ ಚಪ್ಪಟೆ ಪೆನ್ಸಿಲಿನಿಂದ ಕೊನೆಯ ಚೌಕದಲ್ಲಿ ಹೊತ್ತು ಬರೆದ.

ಇದು ಇಷ್ಟಕ್ಕೇ ಮುಗಿದಿದ್ದರೆ ನಾನು ಅವರನ್ನು ಒಬ್ಬ ಮೋಜಿನ ಅಜ್ಜಿ ಎಂದುಕೊಂಡು ಸುಮ್ಮನಿರುತ್ತಿದ್ದೆ. ಆದರೆ ನಮ್ಮ ಬ್ಯಾಂಕು ಆ ಓಟದ ಇತಿಹಾಸದ ಒಂದು ದಪ್ಪ ಪುಸ್ತಕವನ್ನು ಹೊರತರಲು ಹೊರಟಿತು. ಇಂಗ್ಲಿಷಿನ ಪುಸ್ತಕ, ಹೊಳೆಯುವ ಕಾಗದ. ಕೊನೆಯಲ್ಲಿ ಪ್ರತಿ ವರ್ಷ ಹೊರಟ ಎಲ್ಲ ಕಾರುಗಳ ಪಟ್ಟಿ, ಪ್ರತಿಯೊಂದರ ಮುಂದೆ ಅದರ ಗತಿ. ಕರಡು ತಿದ್ದುವ ಕೆಲಸ ನನ್ನದು. ಖುಷಿಯಿಂದ ಆ ಹಾಳೆಗಳನ್ನು ಕೆಳಮನೆಗೆ ಒಯ್ದೆ. ಅವರು ಕನ್ನಡಕ ಏರಿಸಿ ತಮ್ಮ ವರ್ಷ ಹುಡುಕಿ, ತಮ್ಮ ಕಾರಿನ ಸಾಲಿನ ಮೇಲೆ ಬೆರಳಿಟ್ಟರು. ಮುಂದೆ ಇದ್ದದ್ದು "ಮುಗಿಸಲಿಲ್ಲ" ಎಂದು.

ಎದ್ದರು. ಒಳಗೆ ಹೋಗಿ ಫೈಲು ತಂದು, ಕಾರ್ಡನ್ನು ಆ ಹಾಳೆಯ ಪಕ್ಕದಲ್ಲಿಟ್ಟರು.

"ನೋಡು. ರೂಲ್ ಪ್ರಕಾರ ನಾವು ಔಟ್. ಅದು ನಂಗೆ ಗೊತ್ತುಂಟು, ನಾನು ಬಹುಮಾನ ಕೇಳ್ತಾ ಇಲ್ಲ. ಆದ್ರೆ ಮುಗಿಸ್ಲಿಲ್ಲ ಅನ್ನುದು ಸುಳ್ಳು. ನಾವು ಬಂದಿದ್ದೇವೆ. ತಡ ಆಯ್ತು, ಅಷ್ಟೇ. 'ತಡವಾಗಿ ತಲುಪಿದರು' ಅಂತ ಬರೀಲಿ."

"ಒಂದು ಸಾಲು ತಾನೇ ಆಂಟಿ, ಹೇಳ್ತೀನಿ ಬಿಡಿ, ಚೇಂಜ್ ಮಾಡಿಸ್ತೀನಿ," ಎಂದೆ ನಾನು. ಅಷ್ಟು ಸುಲಭ ಎಂದುಕೊಂಡಿದ್ದೆ.

ನನ್ನ ಮೇಲಧಿಕಾರಿಯೂ ಬೆಂಗಳೂರಿನವರೇ. ಕಾರ್ಡಿನ ಫೋಟೊ ನೋಡಿ ಅವರಿಗೆ ಬಹಳ ಇಷ್ಟವಾಯಿತು. "ವಾವ್, ವಾಟ್ ಎ ಸ್ಟೋರಿ! ಒಂದು ಫುಲ್ ಪೇಜ್ ಬಾಕ್ಸ್ ಮಾಡೋಣ. ಸೀರೆ ಉಟ್ಕೊಂಡು ರ‍್ಯಾಲಿ, ಸ್ಟಾಂಪ್ಸ್, ಫೋಟೊ ಹಾಕೋಣ. ಆದ್ರೆ ಲಿಸ್ಟ್ ಮುಟ್ಟೋದು ಬೇಡ. ಅದು ಅಫಿಶಿಯಲ್ ರೆಕಾರ್ಡ್, ಹಾಗೇ ಇರ್ಲಿ." ನಾನು ಕುಣಿದುಕೊಂಡು ಮನೆಗೆ ಬಂದು ಇದನ್ನೇ ದೊಡ್ಡ ಸುದ್ದಿಯೆಂಬಂತೆ ಹೇಳಿದೆ. ಇಡೀ ಪುಟ, ಅವರ ಫೋಟೊ.

"ನಂಗೆ ಕಥೆ ಬೇಡ," ಎಂದರು. "ಕಥೆ ಹಾಕಿದ್ರೆ ಜನ ಅಯ್ಯೋ ಪಾಪ ಚೆಂದ ಉಂಟು ಅಂತಾರೆ, ಆಮೇಲೆ ಪಟ್ಟಿ ನೋಡಿ ಮುಗಿಸ್ಲಿಲ್ವಂತೆ ಅಂತಾರೆ. ಸಾಲು ಸರಿ ಮಾಡುದಾದ್ರೆ ಮಾಡಿ. ಇಲ್ಲಾಂದ್ರೆ ನನ್ನ ಫೋಟೊ ಅದ್ರಲ್ಲಿ ಬರ್ಲಿಕ್ಕಿಲ್ಲ."

ಫೋಟೊ ಬರಲಿಲ್ಲ. ಸಾಲೂ ಬದಲಾಗಲಿಲ್ಲ. ನಾನು ಇನ್ನೊಮ್ಮೆ ಕೇಳಿದೆ. ಮೂರನೆಯ ಸಲ ಕೇಳಲಿಲ್ಲ. ಆ ತಿಂಗಳು ನನ್ನ ಪೋಸ್ಟಿಂಗ್ ಮುಂದುವರಿಸುವ ಕಾಗದ ಅದೇ ಅಧಿಕಾರಿಯ ಮೇಜಿನ ಮೇಲಿತ್ತು. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ? ನಾನು ಹೆದರಿದೆ. ಹೆದರಿ, ಕೊನೆಯ ಕರಡಿಗೆ ಸರಿಯಿದೆ ಎಂದು ಸಹಿ ಹಾಕಿದೆ. ಆ ವಾರವೆಲ್ಲ ಕೆಳಮನೆಯ ಬಾಗಿಲು ತೆರೆದಿದ್ದರೆ ತಲೆ ತಗ್ಗಿಸಿ ಮೆಟ್ಟಿಲು ಹತ್ತಿದೆ.

ಅವರೇ ಒಂದು ದಿನ ಮೆಟ್ಟಿಲ ಬುಡದಲ್ಲಿ ತಡೆದರು. "ಪುಸ್ತಕ ಬಿಡುಗಡೆ ಯಾವಾಗ? ನನ್ನನ್ನು ಕರ್ಕೊಂಡು ಹೋಗ್ತೀಯಾ?" ಬೈಯಲಿಲ್ಲ, ಕೊಂಕಾಡಲಿಲ್ಲ. ಆದದ್ದೇನು ಎಂದು ಅವರಿಗೆ ಗೊತ್ತಿತ್ತು.

ಬಿಡುಗಡೆ ಅಪ್ಪರ್ ಹಿಲ್‌ನ ಒಂದು ಹೋಟೆಲಿನಲ್ಲಿ, ಮಧ್ಯಾಹ್ನ ನಾಲ್ಕಕ್ಕೆ. ಅವರು ಕಂದು ರೇಷ್ಮೆ ಸೀರೆ, ತೊಳೆದ ಕ್ಯಾನ್ವಾಸ್ ಶೂ, ಎರಡೂ ಗಡಿಯಾರ ಹಾಕಿಕೊಂಡು ಬಂದರು. ಸಭಾಂಗಣದ ಹೊರಗಿನ ಮೇಜಿನ ಮೇಲೆ ಪುಸ್ತಕಗಳ ರಾಶಿ. ಒಳಗೆ ಭಾಷಣ ಶುರುವಾಯಿತು. ಇವರು ಒಳಗೆ ಹೋಗಲಿಲ್ಲ. ಮೇಜಿನ ಹಿಂದಿದ್ದ ಕುರ್ಚಿ ಎಳೆದು ಕೂತು, ಪರ್ಸಿನಿಂದ ನೀಲಿ ಪೆನ್ನು ತೆಗೆದು, ಮೇಲಿನ ಪುಸ್ತಕ ಬಿಡಿಸಿ, ತಮ್ಮ ಸಾಲಿನ ಕೊನೆಗೆ ನೇರವಾದ ಒಂದು ಗೆರೆ ಎಳೆದರು. ಪಕ್ಕದಲ್ಲಿ ಟೀಚರಿನ ದುಂಡು ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದರು: ತಡವಾಗಿ ತಲುಪಿದರು. ಅದರ ಕೆಳಗೆ ಎರಡೂ ಗಡಿಯಾರ ನೋಡಿ ಹೊತ್ತು, ಆಮೇಲೆ ಸಹಿ. ಎರಡನೇ ಪುಸ್ತಕಕ್ಕೆ ಕೈ ಹಾಕಿದರು. ಹೊಸ ಬೈಂಡಿಂಗು, ಪುಟ ನಿಲ್ಲುತ್ತಿರಲಿಲ್ಲ.

ನನ್ನನ್ನು ನೋಡಿದರು. "ಹಿಡ್ಕೊ ಮಾರಾಯ್ತಿ. ಮುಚ್ಚಿಕೊಳ್ತದೆ."

ಕರಡಿಗೆ ಸಹಿ ಹಾಕಿದ ಕೈ ನನ್ನದು. ಅದೇ ಕೈಯಿಂದ ನಾನು ಪುಟ ಹಿಡಿದೆ. ಒಂದಾದ ಮೇಲೊಂದು ಪುಸ್ತಕ ಬಿಡಿಸಿ, ಪುಟ ಹುಡುಕಿ, ಒತ್ತಿ ಹಿಡಿದೆ. ಅಷ್ಟು ಹಗುರ ನನಗೆ ಆ ಊರಿನಲ್ಲಿ ಎಂದೂ ಆಗಿರಲಿಲ್ಲ.

ಭಾಷಣ ಮುಗಿದು ಜನ ಹೊರಗೆ ಬಂದರು. ರೇಷ್ಮೆ ಸೀರೆಯ ಅಜ್ಜಿ ಕೂತು ಪುಸ್ತಕಗಳಲ್ಲಿ ಬರೆಯುತ್ತಿರುವುದನ್ನು ಕಂಡು, ಇವರೇ ಲೇಖಕಿ ಎಂದು ತಿಳಿದು, ಸಾಲು ನಿಂತರು. ಅವರು ಒಬ್ಬರಿಗೂ ತಪ್ಪು ತಿಳಿಯಲು ಬಿಡಲಿಲ್ಲ. ಪ್ರತಿಯೊಬ್ಬರಿಗೂ ಸಾಲು ತೋರಿಸಿ, ಇದು ತಪ್ಪು, ಇದು ಸರಿ ಎಂದು ವಿವರಿಸಿ, ತಿದ್ದಿ ಕೊಟ್ಟರು. ಹಳೆಯ ಮೆಕ್ಯಾನಿಕ್ಕುಗಳು, ಒಂದು ಕಾಲದಲ್ಲಿ ಓಡಿದವರು, ಅವರ ಮಕ್ಕಳು. ಒಬ್ಬರೂ ಪುಸ್ತಕ ಹಾಳಾಯಿತು ಎನ್ನಲಿಲ್ಲ. ಕೆಲವರು ಆ ಪುಟವನ್ನು ನಿಂತಲ್ಲೇ ಬಹಳ ಹೊತ್ತು ನೋಡುತ್ತಿದ್ದರು.

ನನ್ನ ಮೇಲಧಿಕಾರಿ ಸಾಲನ್ನು ಸೀಳಿಕೊಂಡು ಬಂದರು. ದನಿ ತಗ್ಗಿಸಿ ಕನ್ನಡದಲ್ಲೇ ಕೇಳಿದರು. "ಏನ್ ನಡೀತಿದೆ ಇಲ್ಲಿ? ಯಾರು ಇವ್ರನ್ನ ಒಳಗ್ ಬಿಟ್ಟಿದ್ದು?"

"ನಾನೇ ಸರ್, ಕರ್ಕೊಂಡು ಬಂದಿದ್ದು. ಪ್ರೂಫ್ ನೋಡಿದ್ದೂ ನಾನೇ. ಅದ್ರಲ್ಲಿ ಒಂದು ತಪ್ಪು ಬಿಟ್ಬಿಟ್ಟಿದ್ದೆ, ಸರಿ ಮಾಡ್ತಿದೀವಿ," ಎಂದೆ.

ಆಂಟಿ ತಲೆಯೆತ್ತಲಿಲ್ಲ. "ಅವ್ರದ್ದೊಂದು ಪುಸ್ತಕ ಇದ್ರೆ ಕೊಡ್ಲಿಕ್ಕೆ ಹೇಳು," ಎಂದರು.

ನನಗೆ ಎಚ್ಚರಿಕೆಯ ಪತ್ರ ಬಂತು. ಪೋಸ್ಟಿಂಗ್ ಮುಂದುವರಿಯಲಿಲ್ಲ. ವಾಪಸು ಹೋಗಬೇಕಿತ್ತು, ಹೋಗಲಿಲ್ಲ. ಒಂದು ಸಂಸ್ಥೆಯಲ್ಲಿ ಬೇರೆ ಕೆಲಸ ಹಿಡಿದು ಪಂಗಾನಿಯಲ್ಲೇ ಉಳಿದೆ. ಪಶ್ಚಾತ್ತಾಪ ಇದೆಯೇ ಎಂದು ಊರಿನವರು ಫೋನಿನಲ್ಲಿ ಕೇಳುತ್ತಾರೆ. ಮೂರನೆಯ ಸಲ ಕೇಳದೇ ಇದ್ದದ್ದಕ್ಕೆ ಇದೆ. ಪುಟ ಹಿಡಿದದ್ದಕ್ಕೆ ಇಲ್ಲ.

ಹೋದ ವರ್ಷದ ದೊಡ್ಡ ಮಳೆಯಲ್ಲಿ ಆಂಟಿ ತೀರಿಕೊಂಡರು. ನಾಲ್ಕು ದಿನ ಆಸ್ಪತ್ರೆ, ಆಮೇಲೆ ಇಲ್ಲ. ಸ್ಮಶಾನಕ್ಕೆ ನಮ್ಮ ರೂಟಿನ ಮೂರು ಮಟಾಟುಗಳು ಬಂದವು. ಹಾಡು ನಿಲ್ಲಿಸಿ, ಒಂದರ ಹಿಂದೊಂದು, ಯಾವ ಗುಂಡಿಗೂ ಬೀಳದ ಹಾಗೆ ನಿಧಾನವಾಗಿ ಬಂದವು. ನಾನು ಅತ್ತೆ. ನನ್ನ ಮಗಳು ನನ್ನ ಕೈ ಹಿಡಿದು, "ಅಳಬೇಡ ಅಮ್ಮ," ಎಂದಳು. ಕನ್ನಡದಲ್ಲಿ ಹೇಳಿದೆನೆಂದು ಅವಳಿಗೇ ಗೊತ್ತಾಗಲಿಲ್ಲ.

ಆ ದಿನ ಮೇಜಿನ ಮೇಲಿದ್ದ ಪ್ರತಿಗಳಷ್ಟೇ ತಿದ್ದಿದ್ದು. ಉಳಿದವು ಊರೆಲ್ಲ ಹಂಚಿಹೋಗಿದ್ದವು: ಬ್ಯಾಂಕಿನ ಶಾಖೆಗಳ ಟೀಪಾಯಿ, ಕ್ಲಬ್ಬುಗಳ ಕಪಾಟು, ವಕೀಲರ ಕಚೇರಿ. ಈಗ ನಾನು ಎಲ್ಲಿ ಕಾಯಬೇಕಾಗಿ ಬಂದರೂ ಮೊದಲು ಕಣ್ಣಾಡಿಸುವುದು ಅಲ್ಲಿನ ಪುಸ್ತಕಗಳ ಮೇಲೆ. ಸಿಕ್ಕಿದರೆ ತಿದ್ದುತ್ತೇನೆ. ಆಂಟಿಯ ಸಹಿ ಹಾಕುವುದಿಲ್ಲ, ನನ್ನದೇ ಹಾಕುತ್ತೇನೆ. ಕಸರಾನಿಯ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಗದರಿದಾಗ ಅವಳನ್ನು ಕೂರಿಸಿ ಕಥೆಯೆಲ್ಲ ಹೇಳಿದೆ. ಪೆನ್ನು ಅವಳೇ ಕೊಟ್ಟಳು.

ಕಳೆದ ತಿಂಗಳು ಹಲ್ಲುನೋವು. ಅಪ್ಪರ್ ಹಿಲ್‌ನಲ್ಲಿ ದಂತವೈದ್ಯರ ಕೋಣೆಯ ಹೊರಗೆ ಕೂತಿದ್ದೆ. ಪತ್ರಿಕೆಗಳ ಅಡಿಯಲ್ಲಿ ಆ ದಪ್ಪ ಪುಸ್ತಕ. ತೆಗೆದು ಪುಟ ಬಿಡಿಸಿದೆ, ಪೆನ್ನಿನ ಮುಚ್ಚಳ ತೆಗೆದೆ. ಸಾಲು ಆಗಲೇ ತಿದ್ದಿತ್ತು. ಕಪ್ಪು ಶಾಯಿ, ಎಡಕ್ಕೆ ವಾಲಿದ ಅಕ್ಷರ. ಆಂಟಿಯದಲ್ಲ, ನನ್ನದಲ್ಲ. ಅವರ ಕೈಯಿಂದ ತಿದ್ದಿದ ಪ್ರತಿ ಪಡೆದು ಹೋದವರು ಯಾರೋ ಇರಬೇಕು ಎಂದುಕೊಂಡೆ. ಸುಮ್ಮನೆ ಮುಂದಿನ ಪುಟ ತಿರುವಿದೆ. ಬೇರೆ ವರ್ಷ, ಬೇರೆ ಕಾರು, ಅದರ ಮುಂದೆಯೂ "ಮುಗಿಸಲಿಲ್ಲ". ಅದರ ಮೇಲೆ ಅದೇ ಕಪ್ಪು ಶಾಯಿಯ ಗೆರೆ, ಪಕ್ಕದಲ್ಲಿ ಅದೇ ಕೈಬರಹ: ನಾವೂ ತಡವಾಗಿ ತಲುಪಿದೆವು.

ಒಳಗಿನಿಂದ ನನ್ನ ಹೆಸರು ಕೂಗಿದರು. ನಾನು ಏಳಲಿಲ್ಲ. ಇನ್ನೂ ಬಹಳ ವರ್ಷಗಳ ಪಟ್ಟಿ ನೋಡುವುದಿತ್ತು.